786ರ ನೋಟಿಗೆ ಲಕ್ಷ ಕೊಡುವವರು ಯಾರು?

ಮಾನ್ಯ ಸಂಪಾದಕರೇ,

‘ನಿಮ್ಮ ಬಳಿ 786 ನಂಬರಿನ ಹತ್ತು ರೂಪಾಯಿ ನೋಟು ಇದೆಯೇ? ಮನೆಯಲ್ಲೇ ಕುಳಿತು ಲಕ್ಷ ಗಳಿಸಿ’ ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ವರ್ಷವಿಡೀ ತಿರುಗುತ್ತಿರುತ್ತದೆ. ಆಗೀಗ ಪತ್ರಿಕೆಗಳ ಒಳಪುಟದಲ್ಲೂ ಕಾಣಿಸಿಕೊಳ್ಳುತ್ತದೆ. 786 ಅನೇಕ ಮುಸ್ಲಿಮರು ಶುಭವೆಂದು ನಂಬುವ ಸಂಖ್ಯೆ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿನದೂ ಅದೇ ಕಥೆ. ಇದನ್ನು ನಂಬಿದವರು ನೋಟಿಗೆ ಲ್ಯಾಮಿನೇಶನ್ ಹೊಡೆಸುತ್ತಾರೆ, ದೇವರ ಕೋಣೆಯಲ್ಲಿ ಕುಂಕುಮ ಹಚ್ಚಿ ಇಡುತ್ತಾರೆ, ಕೆಲವರು ಗುರುತಿಲ್ಲದ ಖಾತೆಗೆ ‘ನೋಂದಣಿ ಶುಲ್ಕ’ವನ್ನೂ ಕಟ್ಟುತ್ತಾರೆ. ವಿಶೇಷ ನಂಬರಿನ ನೋಟು ಕೂಡಿಡುವುದು ಒಳ್ಳೆಯ ಹವ್ಯಾಸ. ಹತ್ತು ರೂಪಾಯಿಯಲ್ಲಿ ಶುರು ಮಾಡಬಹುದು, ಬೇಸರವಾದರೆ ಅದೇ ಹತ್ತು ರೂಪಾಯಿಗೆ ಚಹಾ ಕುಡಿಯಬಹುದು. ಆದರೆ ಯಾವ ನಂಬರು ಅಪರೂಪ, ಯಾವುದು ಮಾಮೂಲಿ ಎಂಬುದನ್ನು ಕಾಗದ, ಪೆನ್ನು ಹಿಡಿದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಆ ಲೆಕ್ಕವನ್ನೂ, ನಮ್ಮ ಕರಾವಳಿಯ ಮಳೆಯಲ್ಲಿ ನೋಟು ಕಾಪಾಡುವ ಬಗೆಯನ್ನೂ ಓದುಗರ ಮುಂದಿಡಲು ಈ ಪತ್ರ.

ಮೊದಲು ನಂಬರಿನ ರಚನೆ. 2016ರ ನವೆಂಬರ್‌ನಿಂದ ಬಂದ ಹೊಸ ಸರಣಿಯ ನೋಟಿನ ಮುಖದಲ್ಲಿ ನಂಬರು ಎರಡು ಕಡೆ ಇರುತ್ತದೆ, ಎಡಗಡೆ ಮೇಲೆ ಒಮ್ಮೆ, ಬಲಗಡೆ ಕೆಳಗೆ ಒಮ್ಮೆ. ಮೊದಲ ಮೂರು ಸ್ಥಾನಗಳಲ್ಲಿ ಅಂಕಿ ಮತ್ತು ಇಂಗ್ಲಿಷ್ ಅಕ್ಷರ ಬೆರೆತಿರುತ್ತವೆ. ಸಂಗ್ರಾಹಕರು ಇದನ್ನು ಪ್ರಿಫಿಕ್ಸ್ ಎನ್ನುತ್ತಾರೆ. ಅದರ ನಂತರ ಆರು ಅಂಕಿ. 2015ರಿಂದ ಈ ಆರು ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗುತ್ತವೆ. ಪ್ರಿಫಿಕ್ಸ್‌ನ ಗಾತ್ರ ಮಾತ್ರ ಬದಲಾಗುವುದಿಲ್ಲ. ಒಂದು ಪ್ರಿಫಿಕ್ಸ್‌ನ ಎಣಿಕೆ 000001ರಿಂದ ಶುರುವಾಗಿ 999999 ದಾಟಿ 1000000ಕ್ಕೆ ಮುಗಿಯುತ್ತದೆ. ಸೊನ್ನೆಗಳೇ ತುಂಬಿದ 000000 ಎಂಬ ನೋಟು ಇಲ್ಲ, ಅದರ ಬದಲಿಗೆ ಏಳು ಅಂಕಿಯ ಈ ಕೊನೆಯ ನೋಟು. ಒಟ್ಟು ಹತ್ತು ಲಕ್ಷ ನೋಟು ಮುಗಿದ ಮೇಲೆ ಪ್ರಿಫಿಕ್ಸ್ ಬದಲಾಗಿ ಮತ್ತೆ 000001. ಮೈಸೂರು, ಸಾಲ್ಬೋನಿ, ನಾಸಿಕ್, ದೇವಾಸ್ ಈ ನಾಲ್ಕೂ ಕಡೆಯ ಮುದ್ರಣಾಲಯಗಳು ಹೀಗೆ ಪ್ರಿಫಿಕ್ಸ್ ಮೇಲೆ ಪ್ರಿಫಿಕ್ಸ್ ಮುಗಿಸುತ್ತಲೇ ಇರುತ್ತವೆ. ಆದ್ದರಿಂದ ‘ದೇಶದಲ್ಲೇ ಒಂದೇ ನೋಟು’ ಎಂದು ಯಾರಾದರೂ 786786 ತೋರಿಸಿದರೆ, ಆ ಪ್ರಿಫಿಕ್ಸ್‌ನ ಹತ್ತು ಲಕ್ಷದಲ್ಲಿ ಒಂದೇ ಎಂದು ತಿದ್ದಿಕೊಳ್ಳಬೇಕು. ಪ್ರತಿ ಮುಖಬೆಲೆಯ ಪ್ರತಿ ಪ್ರಿಫಿಕ್ಸ್‌ನಲ್ಲೂ ಅದೊಂದು ಇರುತ್ತದೆ.

ಈಗ ಎಣಿಕೆ. ಒಂದು ಪ್ರಿಫಿಕ್ಸ್‌ನ ಹತ್ತು ಲಕ್ಷ ನೋಟಿನಲ್ಲಿ 111111ರಿಂದ 999999ರವರೆಗೆ ಆರೂ ಅಂಕಿ ಒಂದೇ ಆಗಿರುವ, ‘ಸಾಲಿಡ್’ ಎಂದು ಕರೆಯುವ ನೋಟು ಒಂಬತ್ತೇ. 123456ರಂತೆ ಏರುತ್ತ ಹೋಗುವ ‘ಲ್ಯಾಡರ್’ ಐದು: 012345ರಿಂದ 456789ರವರೆಗೆ. 654321ರಂತೆ ಇಳಿಯುವವೂ ಐದೇ. ಇವು ನಿಜಕ್ಕೂ ಅಪರೂಪ. 100000, 200000ದಂಥ ದುಂಡು ನಂಬರು ಒಂಬತ್ತು, ಜೊತೆಗೆ ಆ ಏಳಂಕಿಯ 1000000 ಒಂದು. ಹಿಂದಿನಿಂದ ಓದಿದರೂ ಅದೇ ಆಗುವ 123321ರಂಥ ‘ರೇಡಾರ್’ ನಂಬರು 999, 123123ರಂತೆ ಮರುಕಳಿಸುವ ‘ರಿಪೀಟರ್’ ಕೂಡ 999. ಸಾಲಿಡ್ ಒಂಬತ್ತೂ ಈ ಎರಡು ಲೆಕ್ಕದಲ್ಲೂ ಸೇರುತ್ತವೆ. 121121ರಂಥವು ರೇಡಾರ್ ಕೂಡ ಹೌದು, ರಿಪೀಟರ್ ಕೂಡ ಹೌದು. 585588ರಂತೆ ಎರಡೇ ಬಗೆಯ ಅಂಕಿಗಳಿಂದಾದ ನಂಬರು 2,790.

786? ಕೊನೆಗೆ 786 ಬರುವ ನೋಟು ಹತ್ತು ಲಕ್ಷಕ್ಕೆ 1,000. ನಡುವೆ, ಮೊದಲಿಗೆ, ಎಲ್ಲಾದರೂ ಸರಿ ಎಂದರೆ 3,999. ಅಂದರೆ ನಿಮ್ಮ ಕೈಯಲ್ಲಿ ಹಾದುಹೋಗುವ ಸುಮಾರು 250 ನೋಟಿನಲ್ಲಿ ಒಂದರಲ್ಲಿ 786 ಇರುತ್ತದೆ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ವ್ಯಾಪಾರ ಮಾಡುವ ಹೆಂಗಸಿನ ಕೈಚೀಲಕ್ಕೆ ದಿನಕ್ಕೆ ಎಷ್ಟು ಬಂದು ಹೋಗುತ್ತವೋ! 108 ಬೇಕೆನ್ನುವವರಿಗೂ ಇದೇ ಲೆಕ್ಕ: ಕೊನೆಗೆ 108 ಬರುವ ನೋಟು ಸಾವಿರಕ್ಕೆ ಒಂದು. ಶ್ರದ್ಧೆಯಿಂದ ಇಟ್ಟುಕೊಳ್ಳುವವರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಸಾವಿರಕ್ಕೆ ಒಂದು ಸಿಗುವ ವಸ್ತುವಿಗೆ ಲಕ್ಷ ಕೊಡುವ ಸಂಗ್ರಾಹಕ ಎಲ್ಲೂ ಇಲ್ಲ.

ಹುಟ್ಟಿದ ದಿನಾಂಕದ ನೋಟು ಬೇರೆ ಬಗೆ. ದಿನ, ತಿಂಗಳು, ವರ್ಷದ ಕೊನೆಯ ಎರಡಂಕಿ ಸೇರಿಸಿದರೆ ಆರಂಕಿ ಆಗುತ್ತದೆ. 1947ರ ಆಗಸ್ಟ್ 15 ಎಂದರೆ 150847. ನೂರು ವರ್ಷದಲ್ಲಿ 36,525 ದಿನ ಇರುವುದರಿಂದ ಸುಮಾರು 27 ನೋಟಿಗೆ ಒಂದರಲ್ಲಿ ಯಾರದೋ ಒಬ್ಬರ ಹುಟ್ಟುಹಬ್ಬ ಇದ್ದೇ ಇರುತ್ತದೆ. ನಿಮಗೆ ಬೇಕಾದ ದಿನಾಂಕ ಮಾತ್ರ ಪ್ರಿಫಿಕ್ಸ್‌ಗೆ ಒಂದೇ. ಇದನ್ನು ವ್ಯಾಪಾರಿಗಳು ಬಲ್ಲರು. ಮಾಮೂಲಿ ನೋಟನ್ನು ‘ನಿಮ್ಮ ಮಗಳ ಜನ್ಮದಿನ’ ಎಂದು ಮಾರುವುದು ಇದರಿಂದಲೇ ಸಾಧ್ಯವಾಗುತ್ತದೆ. ಉಡುಗೊರೆ ಕೊಡಲು ಚೆಂದ. ಆದರೆ ಆ ಮನೆಯವರನ್ನು ಬಿಟ್ಟರೆ ಅದನ್ನು ಹೆಚ್ಚಿನ ಬೆಲೆಗೆ ಕೊಳ್ಳುವವರು ಸಿಗುವುದಿಲ್ಲ.

ಹುಡುಕುವವರಿಗೆ ಉಪಯೋಗ ಬೀಳುವ ಒಂದು ಲೆಕ್ಕ ಇಲ್ಲಿದೆ. ಹೊಸ ನೋಟು ನೂರರ ಪ್ಯಾಕೆಟ್ಟಾಗಿ, ಹತ್ತು ಪ್ಯಾಕೆಟ್ಟಿನ ಬಂಡಲ್ ಆಗಿ ಬರುತ್ತದೆ. ನಂಬರಿನ ಕೊನೆಯ ಅಂಕಿಗಳನ್ನು ನೋಡಿದರೆ ಪ್ಯಾಕೆಟ್ ಯಾವಾಗಲೂ 01ರಲ್ಲಿ ಶುರುವಾಗಿ 00ರಲ್ಲಿ ಮುಗಿಯುತ್ತದೆ, ಬಂಡಲ್ 001ರಿಂದ 000. ಹಾಗಾಗಿ ಸಾವಿರ ನೋಟಿನ ಯಾವುದೇ ಅಖಂಡ ಬಂಡಲ್ ತೆಗೆದುಕೊಂಡರೂ ಅದರಲ್ಲಿ ಒಂದು ರೇಡಾರ್, ಒಂದು ರಿಪೀಟರ್ ಇರಲೇಬೇಕು. ಮೊದಲ ಮೂರಂಕಿ ಗೊತ್ತಾದರೆ ಅದು ಎಷ್ಟನೇ ಪ್ಯಾಕೆಟ್ಟಿನಲ್ಲಿದೆ ಎಂದು ಬಿಚ್ಚದೆಯೇ ಹೇಳಬಹುದು. 123001ರಿಂದ ಶುರುವಾಗುವ ಬಂಡಲ್ ಎನ್ನಿ. ರಿಪೀಟರ್ 123123, ಅದು 101ರಿಂದ 200ರವರೆಗಿನ ಎರಡನೇ ಪ್ಯಾಕೆಟ್ಟಿನಲ್ಲಿದೆ. ರೇಡಾರ್ 123321, ಅದು 301ರಿಂದ 400ರ ನಾಲ್ಕನೆಯದರಲ್ಲಿ. ಕೊನೆಗೆ 786 ಬರುವುದು ಎಲ್ಲ ಬಂಡಲ್‌ನಲ್ಲೂ ಎಂಟನೇ ಪ್ಯಾಕೆಟ್ಟಿನಲ್ಲಿ. 150847 ಬೇಕಿದ್ದರೆ 150001ರ ಬಂಡಲ್‌ನ ಒಂಬತ್ತನೇ ಪ್ಯಾಕೆಟ್. ಕೌಂಟರಿನಲ್ಲಿ ‘ಎಲ್ಲ ಪ್ಯಾಕೆಟ್ ತೋರಿಸಿ’ ಎಂದು ಕ್ಯಾಶಿಯರ್ ತಲೆ ತಿನ್ನುವ ಬದಲು ‘ಎಂಟನೆಯದು ಕೊಡಬಹುದೇ’ ಎಂದು ಕೇಳಿದರೆ ಕೆಲಸ ಸಲೀಸು. ತೀರ ಮೊದಲ ಬಂಡಲ್, ಅಂದರೆ 000001ರಿಂದ 001000, ಈ ನಿಯಮಕ್ಕೆ ಹೊರತು. ಅದರಲ್ಲಿ ರೇಡಾರೂ ಇಲ್ಲ, ರಿಪೀಟರೂ ಇಲ್ಲ. ಆದರೆ ಅದರ ಮೊದಲ ಪ್ಯಾಕೆಟ್ ಕೈಗೆ ಬಂದವರು ಅದಕ್ಕಾಗಿ ಕೊರಗಬೇಕಿಲ್ಲ, 000001ರಂಥ ಮೊದಲ ನಂಬರುಗಳೇ ಅಪರೂಪ.

ಲೆಕ್ಕ ತಪ್ಪುವುದು ಸ್ಟಾರ್ ನೋಟಿನಿಂದ. ಮುದ್ರಣದಲ್ಲಿ ಒಂದು ನೋಟು ಕೆಟ್ಟರೆ ಅದೇ ನಂಬರನ್ನು ಮತ್ತೆ ಮುದ್ರಿಸುವುದಿಲ್ಲ. ಬದಲಿಗೆ ಪ್ರಿಫಿಕ್ಸ್ ಮತ್ತು ಅಂಕಿಯ ನಡುವೆ ನಕ್ಷತ್ರ ಚಿಹ್ನೆ ಇರುವ ಬೇರೆ ನೋಟು ಸೇರಿಸಿ ಪ್ಯಾಕೆಟ್ಟಿಗೆ ನೂರು ತುಂಬಿಸುತ್ತಾರೆ. 10, 20 ಮತ್ತು 50 ರೂಪಾಯಿಗೆ ಇದು 2006ರಲ್ಲಿ ಬಂತು, 500 ರೂಪಾಯಿಯ ಹೊಸ ನೋಟಿಗೆ 2016ರಲ್ಲಿ. ಸ್ಟಾರ್ ನೋಟು ಇರುವ ಪ್ಯಾಕೆಟ್ಟಿನ ಪಟ್ಟಿಯ ಮೇಲೆ ಅದನ್ನು ಸೂಚಿಸಿರುತ್ತಾರೆ, ಅದರೊಳಗಿನ ನಂಬರು ಕ್ರಮವಾಗಿ ಇರುವುದಿಲ್ಲ. ನೀವು ಕಾದಿದ್ದ 123321ರ ಜಾಗದಲ್ಲೇ ನಕ್ಷತ್ರ ಕುಳಿತಿರಲೂ ಸಾಕು. ಇಂಥ ನೋಟು ಖೋಟಾ ಎಂಬ ಗಾಳಿಮಾತು 2023ರಲ್ಲಿ ಎದ್ದಾಗ ರಿಸರ್ವ್ ಬ್ಯಾಂಕ್ ಜುಲೈನಲ್ಲಿ ಸ್ಪಷ್ಟನೆ ಕೊಟ್ಟಿತು: ಸ್ಟಾರ್ ನೋಟು ಉಳಿದ ನೋಟಿನಷ್ಟೇ ಸಿಂಧು. ಆದರೂ ಕೆಲವು ಅಂಗಡಿಗಳಲ್ಲಿ ಇದನ್ನು ಬೇಡವೆನ್ನುತ್ತಾರೆ. ಸಂಗ್ರಾಹಕರಿಗೆ ಅದರಿಂದ ಲಾಭವೇ.

ಪ್ರಿಫಿಕ್ಸ್, ಗವರ್ನರ್ ಸಹಿ, ಇಸವಿ, ನಂಬರಿನ ಹಿಂದೆ ತೆಳುವಾಗಿ ಕಾಣುವ ಒಂಟಿ ಇಂಗ್ಲಿಷ್ ಅಕ್ಷರ ಇವನ್ನೂ ಬರೆದಿಟ್ಟುಕೊಳ್ಳಿ. ಆ ಒಳಾಕ್ಷರ ಕೆಲವು ನೋಟಿನಲ್ಲಿ ಇರುವುದೇ ಇಲ್ಲ, ಇಲ್ಲದಿರುವುದೂ ಒಂದು ಬಗೆ ಎಂದೇ ಲೆಕ್ಕ. ಇಸವಿ 2005ರಿಂದ ಹಿಂಬದಿಯಲ್ಲಿದೆ: ಹಳೆಯ ಗಾಂಧಿ ಸರಣಿಯಲ್ಲಿ ಕೆಳಗೆ ನಡುವಿನಲ್ಲಿ, ಹೊಸ ಸರಣಿಯಲ್ಲಿ ಎಡಗಡೆ.

ನೋಟು ಎಲ್ಲಿ ಸಿಗುತ್ತದೆ? ಹೊಸ ನೋಟು ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಯಿಂದ ಜಿಲ್ಲೆಯ ಕರೆನ್ಸಿ ಚೆಸ್ಟ್‌ಗಳಿಗೆ (ಬ್ಯಾಂಕುಗಳಲ್ಲಿರುವ ನೋಟಿನ ಉಗ್ರಾಣ), ಅಲ್ಲಿಂದ ಶಾಖೆಗಳಿಗೆ ಬರುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಮೊದಲು, ಮದುವೆ ಸುಗ್ಗಿಯಲ್ಲಿ, ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಬಂದಾಗ ಸಣ್ಣ ನೋಟಿಗೆ ಕೇಳಿಕೆ ಜಾಸ್ತಿ. ಆಗ ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಸಿಗುವುದು. ಜಾತ್ರೆ, ಹಬ್ಬ ಮುಗಿದ ಎರಡು ವಾರದ ಮೇಲೆ, ಮಧ್ಯಾಹ್ನ ಸಾಲು ಕರಗಿದ ಹೊತ್ತಿಗೆ ಹೋಗಿ. ಪ್ಯಾಕೆಟ್ ಕೊಡುವಾಗ ಯಂತ್ರದಲ್ಲಿ ಎಣಿಸದೆ ಕೊಡಿ ಎಂದು ಕೇಳಿಕೊಳ್ಳಿ, ಎದುರಲ್ಲೇ ನೀವೇ ಎಣಿಸಿಕೊಳ್ಳಿ. ಯಂತ್ರದ ರಬ್ಬರ್ ಉರುಳೆ ಅಂಚಿನಲ್ಲಿ ಬೂದು ಗೆರೆ ಬಿಡುತ್ತದೆ. ಎಟಿಎಂನಿಂದ ಬಂದ ನೂರು, ಐನೂರರಲ್ಲೂ ನಂಬರು ಸಿಗುತ್ತದೆ, ಆದರೆ ಈ ಗುರುತು ತಪ್ಪಿದ್ದಲ್ಲ. ಕೈಯಲ್ಲಿ ಎಣಿಸುವವರು ಪ್ಯಾಕೆಟ್ಟನ್ನು ನಡುವೆ ಬಗ್ಗಿಸಿ, ಹೆಬ್ಬೆರಳಿಗೆ ಉಗುಳು ಹಚ್ಚಿ ಎಣಿಸುವುದಂತೂ ಇನ್ನೂ ಕೆಟ್ಟದ್ದು.

ಇದಕ್ಕೆಲ್ಲ ಇಷ್ಟು ಒತ್ತು ಯಾಕೆಂದರೆ ಬೆಲೆಯ ಅರ್ಧಕ್ಕಿಂತ ಹೆಚ್ಚು ಪಾಲು ನಂಬರಿನಲ್ಲಿಲ್ಲ, ನೋಟಿನ ಸ್ಥಿತಿಯಲ್ಲಿದೆ. ಒಂದೇ ತೋಟದ ಅಡಿಕೆ ಶಿರಸಿ ಮಾರುಕಟ್ಟೆಯಲ್ಲಿ ಚಾಲಿ, ರಾಶಿ, ಬಿಳೆಗೋಟು ಎಂದು ಬೇರೆಯಾಗಿ ಬೇರೆ ಬೇರೆ ದರ ಕಾಣುವಂತೆ, ಒಂದೇ ನಂಬರಿನ ನೋಟಿಗೂ ದರ್ಜೆ ಇದೆ. ಚಲಾವಣೆಯನ್ನೇ ಕಾಣದ, ಮಡಿಕೆ ಇಲ್ಲದ, ನಾಲ್ಕೂ ಮೂಲೆ ಚೂಪಾಗಿರುವ ಗರಿಗರಿ ನೋಟಿಗೆ ಯುಎನ್‌ಸಿ ಎನ್ನುತ್ತಾರೆ. ಮೂಲೆಯಲ್ಲಿ ಎಣಿಸಿದ ಗುರುತೋ ನಡುವೆ ತೆಳುವಾದ ಒಂದು ಬಾಗೋ ಇದ್ದರೆ ಒಂದು ಮೆಟ್ಟಿಲು ಕೆಳಗೆ, ಎಯು. ಒಂದು ಸ್ಪಷ್ಟ ಮಡಿಕೆಯೋ ಎರಡು ಮೂರು ತೆಳು ಮಡಿಕೆಯೋ ಇದ್ದರೆ ಎಕ್ಸ್‌ಎಫ್. ಆಮೇಲೆ ಹಲವು ಮಡಿಕೆಯ, ಆದರೂ ಗಟ್ಟಿಯಾಗಿರುವ ವಿಎಫ್. ಮೆತ್ತಗಾಗಿ ಕೊಳೆ ಹಿಡಿದ ಎಫ್. ಮಾಮೂಲಿ ರೇಡಾರ್ ನೋಟು ವಿಎಫ್‌ಗಿಂತ ಕೆಳಗೆ ಇದ್ದರೆ ಅದು ಮುಖಬೆಲೆಯ ನೋಟೇ, ಖರ್ಚು ಮಾಡಿ. ಸಾಲಿಡ್ ಆದರೆ ಮಾತ್ರ ಹಳೆಯದಾದರೂ ಇಡಬಹುದು. ದೊಡ್ಡ ಬೆಲೆಯ ನೋಟನ್ನು 70 ಅಂಕದ ಅಳತೆಯಲ್ಲಿ ದರ್ಜೆ ಮಾಡಿ ಗಟ್ಟಿ ಹೊದಿಕೆಯಲ್ಲಿ ಮುಚ್ಚಿ ಕೊಡುವ ವಿದೇಶಿ ಸಂಸ್ಥೆಗಳಿವೆ. ಹತ್ತು ರೂಪಾಯಿಯ 786ಕ್ಕೆ ಆ ಖರ್ಚು ಮಾಡುವುದು ಮೂಗಿಗಿಂತ ಮೂಗುತಿ ಭಾರ.

ಕೆಡಿಸಿದ ಮೇಲೆ ಸರಿಪಡಿಸಲು ಹೋಗಬೇಡಿ. ಇಸ್ತ್ರಿ ಹಾಕಿದರೆ ಮಡಿಕೆ ಮೇಲ್ನೋಟಕ್ಕೆ ಮಾಯವಾಗುತ್ತದೆ, ಆದರೆ ಉಬ್ಬು ಮುದ್ರಣ ಚಪ್ಪಟೆಯಾಗುತ್ತದೆ. ತೊಳೆದರೆ ಕಾಗದದ ಮೇಲಿನ ಅಂಟಿನ ಲೇಪ ಹೋಗಿ ನೋಟು ಮೆತ್ತಗಾಗುತ್ತದೆ. ಪಳಗಿದ ಬೆರಳಿಗೆ ಎರಡೂ ತಕ್ಷಣ ತಿಳಿಯುತ್ತವೆ. ಲ್ಯಾಮಿನೇಶನ್ ಮಾಡಿಸಿದ ನೋಟಿಗಂತೂ ಸಂಗ್ರಾಹಕರ ಲೋಕದಲ್ಲಿ ಜಾಗವೇ ಇಲ್ಲ, ಬಿಸಿಗೆ ಕರಗಿದ ಅಂಟನ್ನು ಹತ್ತಿಯ ಕಾಗದದಿಂದ ಬಿಡಿಸಲಾಗದು.

ಇನ್ನು ನಮ್ಮ ಊರಿನ ಶತ್ರು, ಜೂನ್‌ನಿಂದ ಸೆಪ್ಟೆಂಬರ್. ಬೆಂಗಳೂರಿನವರು ಬರೆದ ಸಲಹೆ ಕಾರವಾರಕ್ಕೆ ಸಾಲದು. ನೋಟಿನ ಕಾಗದಕ್ಕೆ ಗಾಳಿಯ ತೇವಾಂಶ ಶೇ 45ರಿಂದ 55 ಇದ್ದರೆ ಸುಖ. ಜಡಿಮಳೆಯ ದಿನಗಳಲ್ಲಿ ಇಲ್ಲಿ ಅದು 90ರ ಸುತ್ತ ಇರುತ್ತದೆ. 65 ದಾಟಿ ವಾರಗಟ್ಟಲೆ ನಿಂತರೆ ಬೂಷ್ಟು ಖಚಿತ. ಜೊತೆಗೆ ಕೋಡಿಬಾಗ, ಬೈತಖೋಲ, ಅಂಕೋಲಾ, ಹೊನ್ನಾವರದ ದಂಡೆಯ ಮನೆಗಳಲ್ಲಿ ಗಾಳಿಯಲ್ಲೇ ಉಪ್ಪು. ಉಪ್ಪು ತೇವವನ್ನು ಎಳೆದು ಹಿಡಿಯುತ್ತದೆ, ಆದ್ದರಿಂದ ಮೀನು ಪೇಟೆಯಲ್ಲಿ ಬಂದ ಒದ್ದೆ ನೋಟನ್ನು ಒಣಗಿಸಿದರೂ ಅದು ಮತ್ತೆ ಮತ್ತೆ ಹಸಿಯಾಗುತ್ತದೆ, ಪಕ್ಕದ ನೋಟಿಗೂ ತೇವ ದಾಟಿಸುತ್ತದೆ. ಅಂಥದ್ದನ್ನು ಸಂಗ್ರಹದೊಳಗೆ ಬಿಡಬೇಡಿ. ಇಡಲೇಬೇಕಾದ ನಂಬರಾದರೆ ಎರಡು ಒತ್ತುಕಾಗದದ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕದ ಭಾರ ಹೇರಿ, ನೆರಳಿನಲ್ಲಿ ಎರಡು ದಿನ ಬಿಟ್ಟು, ಬೇರೆ ಡಬ್ಬಿಯಲ್ಲೇ ಇಡಿ.

ಅಲ್ಬಮ್ ಕೊಳ್ಳುವಾಗ ಮೂಸಿ ನೋಡಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ ಎಂಬ ಪ್ಲಾಸ್ಟಿಕ್. ಅದನ್ನು ಮೆದುಗೊಳಿಸಲು ಬೆರೆಸಿದ ಎಣ್ಣೆಯಂಥ ದ್ರವ ಸೆಕೆಗೆ ಹೊರಬಂದು ನೋಟಿಗೆ ಅಂಟುತ್ತದೆ, ಕಾಲಕ್ರಮದಲ್ಲಿ ಆಮ್ಲವೂ ಬಿಡುಗಡೆಯಾಗುತ್ತದೆ. ಬಣ್ಣ ಪ್ಲಾಸ್ಟಿಕ್ಕಿಗೇ ಹತ್ತಿಕೊಳ್ಳುತ್ತದೆ. ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್ ಜೇಬು ಬೇಕು ಎಂದು ಹೇಳಿಯೇ ಕೇಳಿ. ಅಳತೆಯನ್ನೂ ನೋಡಿ. ಹಳೆಯ ಗಾಂಧಿ ಸರಣಿಯ ನೂರು ರೂಪಾಯಿ 157 ಮಿ.ಮೀ. ಉದ್ದ, 73 ಅಗಲ; ಹೊಸ ನೇರಳೆ ನೂರು 142ಕ್ಕೆ 66. ಹಳೆಯ ಜೇಬಿಗೆ ಹೊಸ ನೋಟು ಹಾಕಿದರೆ ಒಳಗೆ ಓಡಾಡಿ ಮೂಲೆ ಮಡಚಿಕೊಳ್ಳುತ್ತದೆ. ಹೊಸ ಹತ್ತು 123ಕ್ಕೆ 63, ಇಪ್ಪತ್ತು 129ಕ್ಕೆ 63, ಹಂಪಿಯ ರಥದ ಐವತ್ತು 135ಕ್ಕೆ 66, ಇನ್ನೂರು 146ಕ್ಕೆ 66, ಐನೂರು 150ಕ್ಕೆ 66. ಎರಡು ಕಡೆ ಮೂರು ನಾಲ್ಕು ಮಿ.ಮೀ. ಸಡಿಲ ಇದ್ದರೆ ಸಾಕು. ಒಂದು ಜೇಬಿಗೆ ಒಂದೇ ನೋಟು.

ಅಲ್ಬಮ್ಮನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ. ಹತ್ತು ಲೀಟರಿನ ಡಬ್ಬಿಗೆ 50 ಗ್ರಾಂ ಸಾಕು, ಬಟ್ಟೆಯ ಚೀಲದಲ್ಲಿ ಕಟ್ಟಿ, ನೋಟಿಗೆ ತಾಗದಂತೆ ಮೂಲೆಯಲ್ಲಿ. ಬಣ್ಣ ಬದಲಿಸುವ ಕಿತ್ತಳೆ ಜಾತಿಯದು ತನ್ನಿ, ತೇವ ಕುಡಿದಾಗ ಹಸಿರಾಗುತ್ತದೆ. ನೀಲಿಯಿಂದ ಗುಲಾಬಿಯಾಗುವುದರಲ್ಲಿ ಕೋಬಾಲ್ಟ್ ಲವಣವಿದೆ, ಮಕ್ಕಳಿರುವ ಮನೆಗೆ ಬೇಡ. ಹಸಿರಾದ ಮೇಲೆ 110ರಿಂದ 120 ಡಿಗ್ರಿಯ ಒವನ್ನಿನಲ್ಲಿ ಎರಡು ತಾಸು ಒಣಗಿಸಿದರೆ ಮತ್ತೆ ಬಳಸಬಹುದು. ಪೂರ್ತಿ ತಣಿದ ಮೇಲಷ್ಟೇ ಡಬ್ಬಿಗೆ. ಅಡುಗೆಯ ಪಾತ್ರೆ ಉಪಯೋಗಿಸಬೇಡಿ. ಮಳೆಗಾಲದಲ್ಲಿ ಪದೇ ಪದೇ ಮುಚ್ಚಳ ತೆಗೆದರೆ ಎಷ್ಟು ಜೆಲ್ ಹಾಕಿದರೂ ಅಷ್ಟೇ. ನೋಡುವ ಆಸೆಯನ್ನು ಚೌತಿ ಕಳೆಯುವವರೆಗೆ ತಡೆದುಕೊಳ್ಳಿ. ಅತಿಯಾಗಿ ಒಣಗಿಸುವುದೂ ಬೇಡ, ಕಾಗದ ಬಿರುಸಾಗುತ್ತದೆ. ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಒಂದನ್ನು ಒಳಗಿಟ್ಟರೆ ಊಹೆಯ ಕೆಲಸ ಇರುವುದಿಲ್ಲ.

ಡಬ್ಬಿ ಇಡುವ ಜಾಗವೂ ಮುಖ್ಯ. ಮಳೆ ಹೊಡೆಯುವ ಪಡುವಣ ಗೋಡೆಗೆ ತಾಗಿಸಿದ ಕಬ್ಬಿಣದ ಕಪಾಟಿನ ಒಳಗೆ ನೀರು ಬೆವರಿದಂತೆ ಹನಿಗಟ್ಟುತ್ತದೆ. ಒಳಗೋಡೆಯ ಪಕ್ಕ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು, ನೆಲದಿಂದ ಒಂದು ಅಡಿ ಎತ್ತರಕ್ಕೆ ಇಡಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಉಪ್ಪಿನ ಕಾಟ ಇಲ್ಲ, ಆದರೆ ಅಡಿಕೆ ಒಣಗಿಸುವ ಹೊಗೆ ಮೆತ್ತಿಗೆ (ಅಟ್ಟಕ್ಕೆ) ಏರುತ್ತದೆ. ಮಸಿ ಹಿಡಿದ ಕಾಗದ ಹಳದಿಯಾಗುವುದು ಬೇಗ. ಡಾಂಬರು ಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆದುವಾಗಿಸುತ್ತದೆ. ಬೇವಿನ ಸೊಪ್ಪು ತನ್ನ ಜೊತೆ ತೇವವನ್ನೂ ತರುತ್ತದೆ. ರಬ್ಬರ್ ಬ್ಯಾಂಡ್ ಈ ಸೆಕೆಗೆ ಕರಗಿ ಅಂಟುತ್ತದೆ. ಸ್ಟೇಪ್ಲರ್ ಪಿನ್, ಜೆಮ್ ಕ್ಲಿಪ್ ಒಂದೇ ಮಳೆಗಾಲಕ್ಕೆ ತುಕ್ಕಿನ ಗೆರೆ ಬರೆಯುತ್ತವೆ. ಬೂಷ್ಟು ಕಂಡರೆ ಆ ನೋಟನ್ನು ಬೇರೆ ಮಾಡಿ, ಒಣ ಗಾಳಿಯಲ್ಲಿ ಒಂದು ದಿನ ಬಿಟ್ಟು, ಮೃದುವಾದ ಚಿತ್ರ ಬರೆಯುವ ಕುಂಚದಿಂದ ಹೊರಗೆ ನಿಂತು ಉದುರಿಸಿ, ಮೂಗು ಮುಚ್ಚಿಕೊಂಡು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲೆ ಎಳೆಗೆ ಇಳಿಯುತ್ತದೆ. ಬಿಸಿಲಿಗೆ ಹಿಡಿದರೆ ಬಣ್ಣ ಹೋಗುತ್ತದೆ.

ಬೆಲೆ ಇರುವಲ್ಲಿ ಮೋಸವೂ ಇದೆ. 3 ಇದ್ದದ್ದನ್ನು 8 ಮಾಡುವುದು, 766ನ್ನು 786 ಮಾಡುವುದು, ಇಲ್ಲದ ನಕ್ಷತ್ರ ಬರೆಯುವುದು, ರಾಸಾಯನಿಕದಿಂದ ನಂಬರು ಅಳಿಸಿ ‘ನಂಬರೇ ಬೀಳದ ಅಪರೂಪದ ನೋಟು’ ಎನ್ನುವುದು ಎಲ್ಲ ನಡೆಯುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಬೂದುಗಾಜು ಹಿಡಿಯಿರಿ. ಎರಡೂ ಕಡೆಯ ನಂಬರು ಹೋಲಬೇಕು, ಮತ್ತು ಎರಡೂ ಕಡೆ ಅಂಕಿ ಏರುವ ಗಾತ್ರದ ಕ್ರಮ ತಪ್ಪಿರಬಾರದು. ತಿದ್ದಿದವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಓರೆ ಬೆಳಕಿನಲ್ಲಿ ಕೆರೆದ ಜಾಗದ ಎಳೆ ಎದ್ದು ಕಾಣುತ್ತದೆ, ಅಂಕಿಯ ಅಡಿಯ ಸಣ್ಣ ಗೆರೆಗಳು ತುಂಡಾಗಿರುತ್ತವೆ. ನಂಬರಿನ ಶಾಯಿ ಅತಿನೇರಳೆ ಬೆಳಕಿಗೆ ಹೊಳೆಯುವಂಥದ್ದು. ಖೋಟಾ ನೋಟು ನೋಡುವ ಸಣ್ಣ ದೀಪದ ಕೆಳಗೆ ಐದು ಅಂಕಿ ಹೊಳೆದು ಒಂದು ಕಪ್ಪಗೆ ಉಳಿದರೆ ಹೆಚ್ಚು ಯೋಚಿಸುವುದು ಬೇಡ. ನೋಟಿನ ನಂಬರು ತಿದ್ದುವುದು ಹವ್ಯಾಸದ ಚೇಷ್ಟೆಯಲ್ಲ, ಜೈಲಿಗೆ ಹೋಗುವ ದಾರಿ. ಬೇಕೆಂದೇ ತಿದ್ದಿದ್ದು, ಕತ್ತರಿಸಿದ್ದು ಎಂದು ಕಂಡರೆ ಬ್ಯಾಂಕು ಅಂಥ ನೋಟನ್ನು ಬದಲಿಸಿಯೂ ಕೊಡುವುದಿಲ್ಲ.

ಮಾರುವುದಾದರೆ ಜಾಲತಾಣಗಳಲ್ಲಿ ಹಾಕಿದ ಬೆಲೆ ನೋಡಬೇಡಿ; ಹತ್ತು ರೂಪಾಯಿಗೆ ಹತ್ತು ಲಕ್ಷ ಎಂದು ಯಾರು ಬೇಕಾದರೂ ಬರೆಯಬಹುದು. ಹರಾಜಿನಲ್ಲಿ ನಿಜಕ್ಕೂ ಬಿಕರಿಯಾದ ಬೆಲೆ, ಅದೂ ಅದೇ ದರ್ಜೆಯ ನೋಟಿನದು, ಹುಡುಕಿ ನೋಡಿ. ಕೊಳ್ಳುವವನು ನಿಮ್ಮಿಂದಲೇ ಮುಂಗಡ ಕೇಳಿದರೆ ಮಾತು ಅಲ್ಲಿಗೆ ಮುಗಿಯಬೇಕು. ಮೋಸದ ವಿಧಾನ ಎಲ್ಲ ಕಡೆ ಒಂದೇ: ಮೊದಲು ಫೋಟೊ ಕಳಿಸಿ ಎನ್ನುತ್ತಾರೆ, ನೋಟಿಗೆ ದೊಡ್ಡ ಬೆಲೆ ಕಟ್ಟುತ್ತಾರೆ, ನೋಂದಣಿಗೆ ಕೆಲವು ನೂರು ಕೇಳುತ್ತಾರೆ. ಆಮೇಲೆ ಜಿಎಸ್‌ಟಿ, ‘ರಿಸರ್ವ್ ಬ್ಯಾಂಕಿನ ಪ್ರಮಾಣಪತ್ರ’, ಹಣ ಸಾಗಿಸುವ ವಾಹನದ ಬಾಡಿಗೆ ಎಂದು ಸಾವಿರಗಳು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ತಿಳಿಸಿದೆ: ಹಳೆಯ ನೋಟು, ನಾಣ್ಯ ಕೊಳ್ಳುವ ಮಾರುವ ವ್ಯವಹಾರ ತನ್ನದಲ್ಲ, ತನ್ನ ಹೆಸರಿನಲ್ಲಿ ಶುಲ್ಕವನ್ನೋ ಕಮಿಷನ್ನನ್ನೋ ವಸೂಲು ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ಹಣ ಹೋಗಿದ್ದರೆ ನಾಚಿಕೆಪಡದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ. ದೂರದವರೊಡನೆ ನೋಟು ವಿನಿಮಯ ಮಾಡುವಾಗ ಅಂಚೆಯಲ್ಲಿ ವಿಮೆ ಮಾಡಿಸಿಯೇ ಕಳಿಸಬೇಕು. ಮಾಮೂಲಿ ಲಕೋಟೆಯಲ್ಲಿ ನೋಟು ಹಾಕುವುದಕ್ಕೆ ಅಂಚೆಯ ನಿಯಮ ಒಪ್ಪುವುದಿಲ್ಲ.

2016ರಲ್ಲಿ ರದ್ದಾದ 500, 1000ದ ನೋಟು ಇಟ್ಟುಕೊಂಡವರು ಒಂದು ವಿಷಯ ಗಮನಿಸಬೇಕು. 2017ರ ಕಾಯ್ದೆಯಂತೆ ಯಾರೇ ಆದರೂ ಎರಡೂ ಸೇರಿ ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ ಅಥವಾ ನಾಣ್ಯ ನೋಟು ಸಂಗ್ರಹಕ್ಕಾದರೆ 25. ಮೀರಿದರೆ ದಂಡ ಹತ್ತು ಸಾವಿರ ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಲ್ಲಿಯವರೆಗೆ ಹೋಗಬಹುದು. ಎರಡು ಸಾವಿರದ ನೋಟಿನದು ಬೇರೆ ಸಂಗತಿ. 2023ರ ಮೇ 19ರಂದು ಅದನ್ನು ಚಲಾವಣೆಯಿಂದ ಹಿಂತೆಗೆದುಕೊಳ್ಳುವ ಘೋಷಣೆಯಾಯಿತು, ಆದರೆ ಅದು ಇಂದಿಗೂ ಸಿಂಧು. ಟ್ರ್ಯಾಕ್ಟರಿನ ಐದು ರೂಪಾಯಿ ನೋಟೂ ಸಿಂಧುವೇ. ಅಂಗಡಿಯವರು ಮೂತಿ ತಿರುಗಿಸಿದರೆ ಬ್ಯಾಂಕಿಗೆ ಕಟ್ಟಿ.

ಬ್ಯಾಂಕ್ ಸಿಬ್ಬಂದಿಗೆ ನಮ್ಮದೊಂದು ಕೋರಿಕೆ: ಪ್ಯಾಕೆಟ್ಟಿನ ಮೇಲಿನ ನೋಟಿನ ಬಿಳಿ ಜಾಗದಲ್ಲಿ ಪೆನ್ನಿನಿಂದ ಲೆಕ್ಕ ಬರೆಯಬೇಡಿ. ರಿಸರ್ವ್ ಬ್ಯಾಂಕ್ ಇದನ್ನು ಎಂದೋ ಬೇಡ ಎಂದಿದೆ, ಹಾಗೆ ಬರೆಸಿಕೊಳ್ಳುವುದು ಬಹಳ ಸಲ 01 ಅಥವಾ 00ರ ನೋಟೇ. ಮದುವೆ ಮನೆಯವರು ಹೊಸ ನೋಟು ಪೋಣಿಸಿ ಹಾರ ಮಾಡುವುದನ್ನು ಬಿಟ್ಟರೆ ಇನ್ನೂ ಒಳ್ಳೆಯದು. ಇನ್ನು ತಮ್ಮಲ್ಲಿ, ಸಂಪಾದಕರೇ: ಇಂಥ ನೋಟು ಇಷ್ಟು ಲಕ್ಷಕ್ಕೆ ಹೋಯಿತು ಎಂಬ ಸುದ್ದಿ ಮೇಜಿಗೆ ಬಂದಾಗ ಪೂರ್ತಿ ನಂಬರು ಪ್ರಿಫಿಕ್ಸ್ ಸಹಿತ ಏನು, ನೋಟಿನ ದರ್ಜೆ ಯಾವುದು, ಯಾವ ಹರಾಜಿನಲ್ಲಿ ಯಾವ ದಿನ ಬಿಕರಿಯಾಯಿತು ಎಂದು ವರದಿಗಾರರನ್ನು ಕೇಳಿ. ಉತ್ತರ ಸಿಕ್ಕರೆ ಅದನ್ನೂ ಸೇರಿಸಿ ಪ್ರಕಟಿಸಿ, ಸಿಗದಿದ್ದರೆ ಆ ಜಾಗಕ್ಕೆ ಅಡಿಕೆ ಧಾರಣೆ ಹಾಕಿ.

ಇಂತಿ,
ಕಾರವಾರ ಮತ್ತು ಶಿರಸಿಯ ಕೆಲವು ನೋಟು ಸಂಗ್ರಾಹಕರು